ಮೂರನೇ ಖಾತೆ

ಗಿರಾಕಿಯ ಮನೆಯ ವಿಷಯಕ್ಕೆ ಬಾಯಿ ಹಾಕಬಾರದು ಅನ್ನುವುದು ನನ್ನ ಕಸುಬಿನ ನಿಯಮ. ತರೀಕೆರೆಯಲ್ಲಿ ಹದಿನಾರು ವರ್ಷದಿಂದ ಕಂಪ್ಯೂಟರ್ ರಿಪೇರಿ ಮಾಡುತ್ತಿದ್ದೇನೆ. ಈ ನಿಯಮ ಮುರಿದಾಗಲೆಲ್ಲ ಕೈ ಸುಟ್ಟುಕೊಂಡಿದ್ದೇನೆ.

ಬ್ಯಾಟರಿ ಅಂಗಡಿಯ ಅಜ್ಮತ್ ಮನೆಮಂದಿಗೆಲ್ಲ ಇರಲಿ ಎಂದು ಒಂದು ಕಂಪ್ಯೂಟರ್ ಕೊಂಡ. ನಡುಮನೆಯಲ್ಲಿ, ಬಾಗಿಲಿಗೆ ಕಾಣುವ ಹಾಗೆ ಇಡಿಸಿದ. ಯಾರ್ಯಾರಿಗೆ ಖಾತೆ ತೆರೆಯಲಿ ಅಂದೆ. ಖಾತೆ ಅಂದ ಕೂಡಲೇ ಜಮೀನು ಪಾಲು ಮಾಡುವವನ ಹಾಗೆ ನೆಟ್ಟಗೆ ಕೂತ. ತನಗೊಂದು, ಮಗ ಫೈಜಲ್, ಮಗಳು ಅರ್ಫಾ ಇಬ್ಬರಿಗೂ ಸೇರಿ ಇನ್ನೊಂದು. ಮಕ್ಕಳು ಎಷ್ಟು ಹೊತ್ತು ಕೂರಬೇಕು, ಏನು ನೋಡಬೇಕು, ಎಲ್ಲ ತನ್ನ ಕೈಯಲ್ಲೇ ಇರಬೇಕಂತೆ.

ಮನೆಯವರಿಗೆ ಬೇಡವೇ ಎಂದು ಕೇಳಿದೆ.

“ಅಮ್ಮಿಗೆ ಓದಕ್ಕೆ ಬರಲ್ಲ ಅಂಕಲ್,” ಅಂದ ಫೈಜಲ್. ಸಾರಿಗೆ ಉಪ್ಪು ಕಮ್ಮಿ ಅನ್ನುವಷ್ಟು ಸಲೀಸಾಗಿ ಅಂದ.

ಟೀ ತಂದಿದ್ದ ಅವನ ಅಮ್ಮ ಮುಸರತ್ ಲೋಟ ಇಟ್ಟು ಅಲ್ಲೇ ನಿಂತರು. ಬೀರೂರಿನ ಉರ್ದು ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ ಓದಿದ್ದೇನೆ ಎಂದು ಹೇಳಿದರು. ಹೇಳಿದ್ದು ನನಗೆ, ಗಂಡನಿಗಲ್ಲ. ಗಂಡ, ಮಕ್ಕಳು ಮೂವರೂ ಕನ್ನಡ ಶಾಲೆಯವರು. ಮನೆಯಲ್ಲಿ ಆಡುವುದು ದಖನಿ ಉರ್ದು. ಕುರಾನ್ ಓದಲು ಕಲಿತವರೇ, ಆದರೂ ಉರ್ದು ಬರಹ ಕಂಡರೆ ಮೂವರೂ ತಡವರಿಸುತ್ತಾರೆ. ಈ ಮನೆಗೆ ಬರುವ ಕಾಗದವೆಲ್ಲ ಕನ್ನಡದ್ದು. ಹಾಗಾಗಿ ಮದುವೆಯಾದಾಗಿನಿಂದ ಮುಸರತ್ ಓದಲು ಬಾರದವರಾಗಿಬಿಟ್ಟಿದ್ದರು.

“ಉರ್ದು ಕಟ್ಕೊಂಡು ಇದ್ರಲ್ಲಿ ಏನ್ ಮಾಡ್ತಾಳೆ, ಬಿಡಿ ಕೆಂಪರಾಜಣ್ಣ,” ಅಂದ ಅಜ್ಮತ್.

ನನಗೆ ಮೈ ಉರಿಯಿತು. ಆದರೂ ಬಾಯಿ ಬಿಡಲಿಲ್ಲ. ಮೂರನೇ ಖಾತೆ ತೆರೆದು, ಮುಸರತ್ ಎಂದು ಹೆಸರು ಹಾಕಿ, ಭಾಷೆ ಉರ್ದು ಎಂದು ಒತ್ತಿದೆ. ಆ ಸಿಟ್ಟಿನಲ್ಲಿ ಒಂದು ಗುರುತು ಹೆಚ್ಚಿಗೆ ಹಾಕಿದ್ದು ಗೊತ್ತಾಗಲಿಲ್ಲ. ಉರ್ದು ಅವರ ಖಾತೆಯಲ್ಲಷ್ಟೇ ನಿಲ್ಲದೆ, ಎಲ್ಲರೂ ಪಾಸ್‌ವರ್ಡ್ ಹಾಕಬೇಕಾದ ಮೊದಲ ಪರದೆಗೂ ಬಂದು ಕೂತಿತ್ತು.

ಮಾರನೆಯ ದಿನ ಅಜ್ಮತ್ ಫೋನಿನಲ್ಲಿ ಕೂಗಾಡಿದ. ಪಾಸ್‌ವರ್ಡ್ ಹಾಕಿದರೆ ಉರ್ದುವಿನಲ್ಲಿ ಏನೋ ಬರುತ್ತದೆ, ಒಳಗೆ ಬಿಡುತ್ತಿಲ್ಲ, ಇದೆಂಥ ಕೆಲಸ ಮಾಡಿಟ್ಟಿದ್ದೀರಿ ಅಂದ. ತಪ್ಪು ನನ್ನದೇ, ಈಗಲೇ ಬರುತ್ತೇನೆ ಅಂದೆ. ಅಷ್ಟರಲ್ಲಿ ಆ ಕಡೆಯಿಂದ ಮುಸರತ್ ಓದುವುದು ಕೇಳಿಸಿತು. ಒಂದೊಂದೇ ಪದ, ಬೆರಳಿಟ್ಟು ಓದುವವರ ಹಾಗೆ. ಆಮೇಲೆ ದಖನಿಯಲ್ಲಿ ಗಂಡನಿಗೆ ಏನೋ ಹೇಳಿದರು. ಮತ್ತೆ ಕೀಲಿ ಒತ್ತುವ ಸದ್ದು ಕೇಳಿಸಿತು.

“ನಾನೇ ಪಾಸ್‌ವರ್ಡ್ ತಪ್ಪು ಹೊಡ್ದಿದ್ದೆನಂತೆ,” ಅಂದ ಅಜ್ಮತ್. ದನಿ ಇಳಿದಿತ್ತು.

ಆದರೂ ಬಂದು ಮೊದಲ ಪರದೆಯನ್ನು ಕನ್ನಡಕ್ಕೆ ತಿರುಗಿಸಿಕೊಡುತ್ತೇನೆ ಅಂದೆ. ಫೋನು ಕೈ ಬದಲಾಯಿತು.

“ಬ್ಯಾಡ ಅಣ್ಣ, ಹಂಗೇ ಇರ್ಲಿ,” ಅಂದರು ಮುಸರತ್. “ಗೊತ್ತಾಗ್ದಿದ್ರೆ ಕೇಳ್ತಾರೆ. ನಾನು ಓದಿ ಹೇಳ್ತೀನಿ.”