ಐದನೇ ನಂಬರಿನವನು

"ಇವತ್ತು ಯಾರ ಮೇಲೆ ಆಟ?" ಎಂದು ಮಲಾಕಿ ಟೂಹಿ ಗದ್ದ ಮೇಲೆತ್ತಿಕೊಂಡೇ ಕೇಳಿದ.

ಗಂಡನ ಟೈ ಗಂಟು ಬಿಗಿಯುತ್ತಿದ್ದ ಡಿಂಪ್ನಾ ಮೊದಲು ಕಾಲರು ಮಡಚಿದಳು. ಮನೆ ಬಿಟ್ಟಾಗಿನಿಂದ ಅವನದು ಇದೇ ಪ್ರಶ್ನೆ. ಇಬ್ಬರೂ ಗ್ಯಾಲರಿಯ ಕೆಳಗಿನ ಓಣಿಯಲ್ಲಿ ನಿಂತಿದ್ದರು. ತಲೆಯ ಮೇಲೆ ಸಾವಿರಾರು ಜನರ ಕಾಲುಗಳು ಹಲಗೆ ಕುಟ್ಟುತ್ತಿದ್ದವು. ಆಲೂಗಡ್ಡೆ ಕರಿಯುವ ವಾಸನೆ, ಆಟಗಾರರ ನೋವಿನೆಣ್ಣೆಯ ವಾಸನೆ ಎರಡೂ ಒಟ್ಟಿಗೆ ಬರುತ್ತಿದ್ದವು.

"ಕಾರ್ಕ್ ಊರಿನವರ ಮೇಲೆ. ಆದ್ರೆ ಆಡೋದು ನೀನಲ್ಲ ಮಾರಾಯ. ನೀನು ಚೀಟಿ ಎತ್ತೋದು ಅಷ್ಟೆ."

"ಕಾರ್ಕ್‌ನವರಾ? ಮೊಣಕೈಲಿ ತಿವಿಯೋದು ಬಿಟ್ರೆ ಅವರಿಗೆ ಇನ್ನೇನು ಬರುತ್ತೆ," ಎಂದು ಅವನು ನಕ್ಕ. ಆ ನಗು ಮೊದಲಿನಂತೆಯೇ ಇತ್ತು. ನಗುವಿಗೇನೂ ಆಗಿಲ್ಲವಲ್ಲ ಎಂದು ಡಿಂಪ್ನಾಗೆ ಒಮ್ಮೊಮ್ಮೆ ಸಿಟ್ಟೇ ಬರುತ್ತಿತ್ತು.

ಅರ್ಧ ಆಟದ ವಿರಾಮದಲ್ಲಿ ಲಾಟರಿ ಚೀಟಿ ಎತ್ತುವುದು ಆ ಊರಿನ ಫುಟ್‌ಬಾಲ್ ಕ್ಲಬ್ಬಿನ ಹಳೆಯ ಪದ್ಧತಿ. ಜನ ಕೊಂಡ ಚೀಟಿಗಳನ್ನೆಲ್ಲ ಬಕೆಟಿಗೆ ಸುರಿದು, ಒಂದು ಕಾಲಕ್ಕೆ ಅಲ್ಲೇ ಆಡಿದವನೊಬ್ಬನನ್ನು ಮೈದಾನದ ನಡುವಿಗೆ ಕರೆದು ಒಂದನ್ನು ಎತ್ತಿಸುತ್ತಾರೆ. ಬಂದ ಹಣದಲ್ಲಿ ಗೆದ್ದವನಿಗೆ ಅರ್ಧ, ಕ್ಲಬ್ಬಿಗೆ ಅರ್ಧ. ಈ ಸಲ ಮಲಾಕಿಯನ್ನೇ ಕರೆಯೋಣ ಎಂದು ಪಟ್ಟು ಹಿಡಿದವನು ಕಾರ್ಯದರ್ಶಿ ಕ್ರಿಸ್ಟಿ ಲವೆಲ್. ಗಂಡ ಹೆಂಡತಿ ಇಬ್ಬರನ್ನೂ ಶಾಲೆಯ ದಿನಗಳಿಂದ ಬಲ್ಲವನು ಅವನು. "ಐದು ನಿಮಿಷದ ಕೆಲಸ ಕಣಮ್ಮ. ಹೋದ ಹಾಗೇ ಕರ್ಕೊಂಡು ಬರ್ತೀನಿ. ಊರಿನವರಿಗೂ ಅವನನ್ನ ನೋಡೋ ಆಸೆ," ಎಂದಿದ್ದ.

ಡಿಂಪ್ನಾ ಮೂರು ದಿನ ಆಗುವುದಿಲ್ಲ ಎಂದಳು, ನಾಲ್ಕನೆಯ ದಿನ ಒಪ್ಪಿದಳು. ಯಾರೂ ಅವಳ ಕತ್ತು ಹಿಡಿದು ಒಪ್ಪಿಸಲಿಲ್ಲ. ಇಡೀ ಮೈದಾನ ಅವನ ಹೆಸರು ಕೂಗುವುದು ಇನ್ನೊಂದೇ ಒಂದು ಸಲ ಅವನ ಕಿವಿಗೆ ಬೀಳಲಿ, ಅದು ತನ್ನದೇ ಹೆಸರು ಎಂದು ತಿಳಿಯುವಷ್ಟು ಬುದ್ಧಿ ಉಳಿದಿರುವಾಗಲೇ ಬೀಳಲಿ ಎಂಬ ಆಸೆ ಅವಳದು.

ಬಂದರಿನ ಕೂಲಿಯ ಮಗ ಮಲಾಕಿ ಹದಿನಾರಕ್ಕೇ ಹಡಗು ಹತ್ತಿ ಇಂಗ್ಲೆಂಡಿಗೆ ಹೋದವನು. ಲ್ಯಾಂಕಶೈರಿನ ಒಂದು ಗಿರಣಿ ಊರಿನ ತಂಡಕ್ಕೆ ಹದಿನಾಲ್ಕು ವರ್ಷ ಹಿಂದಿನ ಸಾಲಿನಲ್ಲಿ ಗೋಡೆಯಂತೆ ನಿಂತ. ನೆಲದ ಮೇಲಿನ ಚೆಂಡು ಅವನ ಮಾತು ಅಷ್ಟಾಗಿ ಕೇಳುತ್ತಿರಲಿಲ್ಲ. ಗಾಳಿಯಲ್ಲಿ ಬಂದದ್ದು ಮಾತ್ರ ಅವನ ಹಣೆ ದಾಟಿ ಹೋಗುತ್ತಿರಲಿಲ್ಲ. ಐರ್ಲೆಂಡ್ ದೇಶದ ತಂಡದ ಹಸಿರು ಅಂಗಿಯನ್ನು ಎರಡು ಸಲ ತೊಟ್ಟ. ಕೊನೆಗೆ ಊರಿಗೆ ಮರಳಿ ಇದೇ ಕ್ಲಬ್ಬಿನಲ್ಲಿ ಆಡಿ ಮುಗಿಸಿದ. ಈಚೆಗೆ ಡಬ್ಲಿನ್ನಿನ ಡಾಕ್ಟರು ಮೆದುಳಿನ ಚಿತ್ರವನ್ನು ಬೆಳಕಿಗೆ ಹಿಡಿದು, "ತಲೆಯಿಂದ ಚೆಂಡು ತುಂಬಾ ಹೊಡೆದಿದ್ದಾರೆ ಅಲ್ವಾ?" ಎಂದು ಕೇಳಿದ್ದರು. ಡಿಂಪ್ನಾ ಹೌದು ಎಂದಿದ್ದಳು. ಆ ತಲೆಯಿಂದಲೇ ಮನೆ ಕಟ್ಟಿದ್ದು, ಮಗಳನ್ನು ಓದಿಸಿದ್ದು. ಬೇರೇನು ಹೇಳಲಿಕ್ಕಿತ್ತು?

ಮಲಾಕಿಗೆ ಸ್ವಲ್ಪ ಮರೆವು ಎಂದಷ್ಟೇ ಊರಿಗೆ ಗೊತ್ತು. ಅವನು ಮಗಳನ್ನು ಯಾರೋ ನರ್ಸಮ್ಮ ಎಂದುಕೊಳ್ಳುವುದು, ತೀರಿಹೋದ ತಮ್ಮನಿಗೆ ತಟ್ಟೆ ಇಡು ಎಂದು ಹಟ ಹಿಡಿಯುವುದು ಇವೆಲ್ಲ ಮನೆಯ ಬಾಗಿಲ ಒಳಗೇ ಇದ್ದವು. ಅಲ್ಲೇ ಇರಲಿ ಎಂಬುದೊಂದೇ ಅವಳ ಛಲ. ಗಂಡಸಿನಂತೆ ಮೈದಾನಕ್ಕೆ ನಡೆದು ಹೋಗಲಿ, ಹಾಗೇ ನಡೆದು ಬರಲಿ. ಊರಿನ ನೆನಪಿನಲ್ಲಾದರೂ ಅವನು ಮೊದಲಿನಂತೆ ಉಳಿಯಲಿ.

ಅರ್ಧ ಆಟದ ಸೀಟಿ ಕೇಳಿಸಿತು. ಕ್ರಿಸ್ಟಿ ಬಂದು ಮಲಾಕಿಯ ತೋಳು ಹಿಡಿದ. "ಬಾರೋ ದೊರೆ, ಜನ ಕಾಯ್ತಿದ್ದಾರೆ." ಇಬ್ಬರೂ ಬೆಳಕಿಗೆ ಕಾಲಿಟ್ಟದ್ದೇ ತಡ, ಗ್ಯಾಲರಿ ಎದ್ದು ನಿಂತಿತು. "ಟೂಹಿ! ಟೂಹಿ!" ಎಂಬ ಕೂಗು ಹಲಗೆಗಳನ್ನು ನಡುಗಿಸಿತು. ಮಲಾಕಿ ಬೆನ್ನು ನೆಟ್ಟಗೆ ಮಾಡಿ ಕೈ ಎತ್ತಿದ. ಮೈದಾನದ ಬದಿಯ ಹಗ್ಗದ ಹತ್ತಿರ ನಿಂತ ಡಿಂಪ್ನಾಗೆ ಕಣ್ಣು ತುಂಬಿಬಂತು. ಸದ್ಯ, ಬಂದದ್ದು ಒಳ್ಳೆಯದಾಯಿತು ಎಂದುಕೊಂಡಳು.

ಅವನು ಚೀಟಿ ಎತ್ತಿದ. ಕ್ರಿಸ್ಟಿ ಮೈಕಿನಲ್ಲಿ ನಂಬರು ಕೂಗಿದ. ಗೆದ್ದ ಹೆಂಗಸು ಕಿರುಚುತ್ತ ಮೆಟ್ಟಿಲಿಳಿದು ಓಡಿ ಬಂದಳು. ಅವಳ ಕೈ ಕುಲುಕಿ ಫೋಟೋ ತೆಗೆಸಿಕೊಳ್ಳುವ ಗಡಿಬಿಡಿಯಲ್ಲಿ ಕ್ರಿಸ್ಟಿ ಮಲಾಕಿಯ ತೋಳು ಬಿಟ್ಟ. ಅಷ್ಟರಲ್ಲಿ ಎರಡೂ ತಂಡಗಳು ಹೊರಬಂದವು.

ಊರಿನ ತಂಡದ ಕಂದು ಅಂಗಿಗಳನ್ನು ಕಂಡದ್ದೇ ಮಲಾಕಿ ಕೋಟು ಕಳಚಿದ. ನೀಟಾಗಿ ಮಡಚಿ, ಗೋಲಿನ ತನಕ ನಡೆದು ಕಂಬದ ಪಕ್ಕ ಇಟ್ಟ. ಟೈಯನ್ನು ಅಂಗಿಯ ಗುಂಡಿಗಳ ನಡುವೆ ತುರುಕಿಕೊಂಡು ಪೆನಾಲ್ಟಿ ಚೌಕದ ಅಂಚಿಗೆ ಹೋಗಿ, ಕಾಲು ಅಗಲಿಸಿ ನಿಂತ.

"ಸಾಲು ಬಿಡಬೇಡ್ರೋ! ಮುಂದೆ ಹೋಗ್ರೋ, ಮುಂದೆ! ಇಲ್ಲೇನು ಮಲಗೋಕೆ ಬಂದಿದ್ದೀರಾ?"

ಜನಕ್ಕೆ ಹಬ್ಬವಾಯಿತು. "ಈಗಿರೋರಿಗಿಂತ ನೀನೇ ವಾಸಿ ಕಣೋ ಮಲಾಕಿ!" ಎಂದು ಒಬ್ಬ ಕೂಗಿದ. "ಆ ಕಾರ್ಕ್‌ನವನ ಮೊಣಕಾಲಿಗೆ ಒಂದು ಕೊಡು!" ಎಂದು ಇನ್ನೊಬ್ಬ. ಅವನು ತಮಾಷೆಗೆ ಮಾಡುತ್ತಿದ್ದಾನೆ ಎಂದೇ ಎಲ್ಲರೂ ತಿಳಿದಿದ್ದರು. ಹಾಗಲ್ಲ ಎಂದು ಡಿಂಪ್ನಾಗೆ ಮಾತ್ರ ಗೊತ್ತಾಯಿತು.

ರೆಫರಿ ಹತ್ತಿರ ಬಂದು ನಗುನಗುತ್ತಲೇ ಏನೋ ಹೇಳಿದ. ಮಲಾಕಿ ಎರಡೂ ಕೈ ಚಾಚಿ ವಾದಕ್ಕಿಳಿದ. ಕ್ರಿಸ್ಟಿ ಓಡಿ ಬಂದು ಮೊಣಕೈ ಹಿಡಿದರೆ, "ಯಾರೋ ನೀನು? ಒಳಗೆ ಬಿಟ್ಟೋರು ಯಾರು ನಿನ್ನ?" ಎಂದು ಮಲಾಕಿ ಒಂದೇ ಕೊಡವಿಗೆ ಅವನನ್ನು ಹುಲ್ಲಿನ ಮೇಲೆ ಕೆಡವಿದ. ಗ್ಯಾಲರಿಯ ನಗು ಅರ್ಧಕ್ಕೆ ನಿಂತಿತು. ಮುಂದಿನ ಸಾಲಿನ ಕೆಲವರು ಬೇರೆ ಕಡೆ ನೋಡತೊಡಗಿದರು. ಕಾವಲಿನವರು ಇಬ್ಬರು ಮೈದಾನಕ್ಕಿಳಿಯಲು ಹೊರಟರು.

"ಬೇಡ, ಅವನ ಮೈ ಮುಟ್ಟಬೇಡಿ," ಎಂದು ಡಿಂಪ್ನಾ ಅವರಿಗೆ ಅಡ್ಡ ಬಂದಳು. "ಹಿಡಿದ್ರೆ ಹೊಡೀತಾನೆ. ಮಲಾಕಿ! ಮಲಾಕಿ, ಇಲ್ಲಿ ಬಾ!"

ಅವನಿಗೆ ಕೇಳಿಸಿತು. ತಿರುಗಿ ನೋಡಿದ. ಹಿಂದೆ ಆಟ ನೋಡಲು ಬಂದ ಅಪರಿಚಿತ ಹೆಂಗಸರು ಕೂಗಿ ಕರೆದರೆ ಮರ್ಯಾದೆಯಿಂದ ಹೇಗೆ ಕೈಯೆತ್ತುತ್ತಿದ್ದನೋ ಹಾಗೇ ಅವಳಿಗೂ ಒಮ್ಮೆ ಕೈಯೆತ್ತಿ, ಮತ್ತೆ ಚೆಂಡಿನ ಕಡೆ ತಿರುಗಿಕೊಂಡ. ಡಿಂಪ್ನಾ ಹಗ್ಗ ಹಿಡಿದುಕೊಂಡಳು.

ಆಗ ಅವಳ ಕಣ್ಣಿಗೆ ಆ ಹಲಗೆ ಬಿತ್ತು. ಆಟಗಾರನನ್ನು ಬದಲಿಸುವಾಗ ಹೊರಬರಬೇಕಾದವನ ನಂಬರನ್ನು ಕೆಂಪು ದೀಪದಲ್ಲಿ ತೋರಿಸುವ ಹಲಗೆ. ಅದನ್ನು ಹಿಡಿಯುವ ಅಧಿಕಾರಿ, ತಲೆ ನರೆತ ಗಂಡಸು, ಗೆರೆಯ ಪಕ್ಕದಲ್ಲಿ ಏನೂ ತೋಚದೆ ನಿಂತಿದ್ದ. ಇಷ್ಟು ವರ್ಷಗಳ ಆಟದಲ್ಲಿ ಮಲಾಕಿ ರೆಫರಿಗಳ ಮಾತು ಕೇಳಿದವನಲ್ಲ, ಮ್ಯಾನೇಜರುಗಳ ಮಾತೂ ಅಷ್ಟಕ್ಕಷ್ಟೇ. ಆದರೆ ತನ್ನ ನಂಬರು ಮೇಲೆದ್ದ ಮೇಲೆ ಒಂದು ಗಳಿಗೆ ಹೆಚ್ಚಿಗೆ ನಿಂತವನಲ್ಲ.

"ಐದು ತೋರಿಸಿ," ಎಂದಳು.

"ಏನಂದ್ರಿ ಮಿಸೆಸ್ ಟೂಹಿ?"

"ಐದು. ಅವನದು ಐದನೇ ನಂಬರು. ದಮ್ಮಯ್ಯ, ತೋರಿಸಿ."

ಅಧಿಕಾರಿ ಗುಂಡಿ ಒತ್ತಿ ಹಲಗೆಯನ್ನು ತಲೆಯ ಮೇಲೆತ್ತಿದ. ರೆಫರಿಗೂ ತಿಳಿಯಿತು, ಸೀಟಿ ಊದಿ ಅತ್ತ ಕೈ ತೋರಿಸಿದ. ಈಗ ಐದನೇ ನಂಬರು ತೊಡುವ ಎತ್ತರದ ಆಟಗಾರ ಅಲ್ಲೇ ಪಕ್ಕದಲ್ಲಿದ್ದ. ಆ ಹಲಗೆ ತನಗಲ್ಲ ಎಂಬಂತೆ ಅವನು ತಲೆ ತಗ್ಗಿಸಿ, ಬೂಟಿನ ದಾರ ಕಟ್ಟುವವನಂತೆ ಕೂತುಬಿಟ್ಟ.

ಮಲಾಕಿ ಹಲಗೆ ನೋಡಿದ. ಬೇರೆ ಯಾರಿಗಾದರೂ ಇರಬಹುದೇ ಎಂದು ಅಕ್ಕಪಕ್ಕ ನೋಡಿದ. ಮತ್ತೆ ಹಲಗೆಯನ್ನೇ ನೋಡಿದ. ಆಮೇಲೆ ನಡೆಯತೊಡಗಿದ. ಇಡೀ ಮೈದಾನ ಎದ್ದು ನಿಂತು ಚಪ್ಪಾಳೆ ತಟ್ಟಿತು, ಕಾರ್ಕ್‌ನವರೂ ತಟ್ಟಿದರು. ಅವನು ಈ ಸಲ ಕೈಯೆತ್ತಲಿಲ್ಲ. ಹುಲ್ಲು ನೋಡುತ್ತ ಬಂದು, ಡಿಂಪ್ನಾಳನ್ನು ದಾಟಿ ಬದಲಿ ಆಟಗಾರರ ಬೆಂಚಿನ ತುದಿಗೆ ಹೋಗಿ ಕೂತ. ಯಾರೋ ಅವನ ಹೆಗಲ ಮೇಲೆ ಕಂಬಳಿ ಹೊದಿಸಿದರು.

ಆಗಲೇ ಅವಳಿಗೆ ನೆನಪಾದದ್ದು. ಇದೇ ಮೈದಾನದ ಅವನ ಕೊನೆಯ ಆಟವೂ ಹೀಗೇ ಮುಗಿದಿತ್ತು. ಆಟ ಮುಗಿಯಲು ಇನ್ನೂ ಹೊತ್ತಿರುವಾಗಲೇ ಮ್ಯಾನೇಜರು ಅವನನ್ನು ಹೊರಗೆ ಕರೆಸಿ, ಆಮೇಲೆ ಒಂದು ಮಾತೂ ಹೇಳದೆ ಕೈಬಿಟ್ಟಿದ್ದ. ಆ ಬೇಸಿಗೆಯೆಲ್ಲ ಮಲಾಕಿ ಮನೆಯಲ್ಲಿ ಯಾರ ಜೊತೆಯೂ ನೆಟ್ಟಗೆ ಮಾತಾಡಿರಲಿಲ್ಲ. ಪಕ್ಕದಲ್ಲಿ ಕೂತು ಅವನ ಕೈ ಹಿಡಿದರೆ, ಕೈ ತಣ್ಣಗಿತ್ತು. ಇರಲಿ, ಬೆಳಗಾಗುವುದರೊಳಗೆ ಎಲ್ಲ ಮರೆತಿರುತ್ತಾನೆ ಎಂದು ತನಗೆ ತಾನೇ ಹೇಳಿಕೊಂಡಳು. ಹಾಳು ಕಾಯಿಲೆಯಿಂದ ಇಷ್ಟಾದರೂ ಉಪಕಾರವಾಗಲಿ ಎಂದು ಅದರ ಹತ್ತಿರವೇ ಬೇಡಿಕೊಂಡಂತಾಯಿತು.

ಬೆಳಿಗ್ಗೆ ಅವಳು ಅಡುಗೆಮನೆಗೆ ಬರುವ ಹೊತ್ತಿಗೆ ಅವನು ಮೇಜಿನ ಮುಂದೆ ಕೂತಿದ್ದ. ಅವಳು ಹಾಲು ಹಾಕಿದ ಚಹಾ ಮುಂದಿಟ್ಟು, ಬ್ರೆಡ್ಡಿಗೆ ಬೆಣ್ಣೆ ಸವರಿಕೊಟ್ಟಳು. ಅವನು ಮುಟ್ಟಲಿಲ್ಲ.

"ನಾನು ಚೆನ್ನಾಗೇ ಆಡ್ತಿದ್ದೆ ಅಲ್ವಾ?" ಎಂದ.

ಡಿಂಪ್ನಾಳ ಕೈಯ ಚಾಕು ನಿಂತಿತು. "ಯಾವಾಗ?"

"ನಿನ್ನೆ. ಒಂದು ಚೆಂಡೂ ಬಿಡಲಿಲ್ಲ. ಮತ್ತೆ ಯಾಕೆ ಹೊರಗೆ ಕರೆದ್ರು? ಯಾರು ಹೇಳಿದ್ದು ಅವರಿಗೆ?"

ಅವಳು ಕುರ್ಚಿ ಎಳೆದು ಎದುರಿಗೆ ಕೂತಳು. ಸುಳ್ಳು ಹೇಳಲು ಬಾಯಿ ಬರಲಿಲ್ಲ. "ನಾನೇ ಹೇಳಿದ್ದು ಕಣೋ. ನಾನೇ ಐದು ತೋರಿಸಿ ಅಂದಿದ್ದು."

ಮಲಾಕಿ ಅವಳ ಮುಖ ನೋಡಿ ಜೋರಾಗಿ ನಕ್ಕ. "ನೀನಾ? ನಿನಗೇನೇ ಗೊತ್ತು ಆಟದ ವಿಷಯ! ಸುಮ್ನಿರು, ನಿನ್ನ ತಪ್ಪೇನಿದೆ ಇದರಲ್ಲಿ, ನೀನ್ಯಾಕೆ ಮುಖ ಚಿಕ್ಕದು ಮಾಡ್ಕೋತೀಯ," ಎಂದು ಅವಳ ಕೈ ತಟ್ಟಿದ. ಆಮೇಲೆ ನಗು ಆರಿತು. "ಕಾಲು ಸೋತಿದೆ ಅಂತ ತಿಳ್ಕೊಂಡಿದ್ದಾರೆ. ಅಷ್ಟೇ. ಕಾಲು ಗಟ್ಟಿ ಇದೆ ಅಂತ ತೋರಿಸಿದ್ರೆ ಮುಂದಿನ ವಾರ ತಗೋತಾರೆ, ಅಲ್ವಾ?"

"ತಗೋತಾರೆ," ಎಂದಳು ಡಿಂಪ್ನಾ.

ಅವನು ಎದ್ದು ಹಿತ್ತಲ ಬಾಗಿಲು ತೆಗೆದು ಹೋದ. ಹೊರಗೆ ಸಣ್ಣಗೆ ಜಡಿಮಳೆ ಹಿಡಿದಿತ್ತು. ಮನೆಯ ಚಪ್ಪಲಿಯಲ್ಲೇ ಗೋಡೆಯಿಂದ ಗೋಡೆಗೆ ಓಡತೊಡಗಿದ. ಬಲ ಮೊಣಕಾಲು ಮಡಚುತ್ತಿರಲಿಲ್ಲ. ಆ ಕಾಲನ್ನು ಎಳೆದುಕೊಂಡೇ ಓಡಿದ. ಗೋಡೆ ಮುಟ್ಟಿ ತಿರುಗುವಾಗ ಪ್ರತಿ ಸಲ ಅವಳು ನಿಂತ ಕಡೆಗೆ ನೋಡುತ್ತಿದ್ದ, ತಂಡದವರು ನೋಡುತ್ತಿದ್ದಾರೋ ಇಲ್ಲವೋ ಎಂದು.

"ಒಳಗೆ ಬಾ ಮಲಾಕಿ," ಎಂದು ಅವಳು ಒಮ್ಮೆ ಕೂಗಿದಳು. ಅವನು ಅವಳಿಗೆ ಕೈಯೆತ್ತಿ ತೋರಿಸಿ ಓಡುತ್ತಲೇ ಇದ್ದ. ಡಿಂಪ್ನಾ ಮತ್ತೆ ಕೂಗಲಿಲ್ಲ. ಮಳೆಯಲ್ಲಿ ಅವನ ಬಿಳಿ ಅಂಗಿ ಬೆನ್ನಿಗೆ ಅಂಟಿಕೊಂಡಿತು, ಅವಳು ಬಾಗಿಲಲ್ಲಿ ನಿಂತೇ ಇದ್ದಳು.