ಗಿನಾ ಚಿಕ್ಕಮ್ಮನಿಗೂ ಒಂದು ಸಾವು

ಶವಪೆಟ್ಟಿಗೆಯ ಮೇಲೆ ಬಾಗಿ ನೆದ್ಯಾಲ್ಕಾಳ ಹಣೆಗೆ ಮುತ್ತಿಟ್ಟ ಲ್ಯುಬೆನ್, ಪೂರ್ತಿ ನೆಟ್ಟಗಾಗುವ ಮೊದಲೇ ಅವಳ ಮಗಳನ್ನು ಕೇಳಿದ: "ಕೊನೇಲಿ ಏನಾದ್ರೂ ಅಂದ್ರಾ, ರೈನಾ?"

"ನೀರು ಕೇಳಿದ್ಲು."

"ಅಷ್ಟೇನಾ? ಏನಾದ್ರೂ ತಮಾಷೆ..."

"ತಮಾಷೆ ಮಾಡೋಳು ನಿಮ್ಮ ಗಿನಾ ಚಿಕ್ಕಮ್ಮ, ಲ್ಯುಬೆನ್ ಮಾಮ. ಇವಳು ನಮ್ಮಮ್ಮ."

ಚರ್ಚಿನಲ್ಲಿದ್ದದ್ದು ಹನ್ನೊಂದೇ ಜನ. ಸ್ಲಿವೆನ್ ಊರಿನ ಉಣ್ಣೆ ಗಿರಣಿಯಲ್ಲಿ ನೆದ್ಯಾಲ್ಕಾಳ ಜೊತೆಗೆ ದುಡಿದ ಸ್ತೋಯ್ನಾ ಮೂಗೊರೆಸಿಕೊಂಡಳು. "ಥೇಟ್ ನನ್ನ ಹಾಗೇ ಇದ್ಲು ಕಣ್ರೇ."

"ನಿನ್ನ ಹಾಗಾ? ಅವಳಿಗೆ ಬಾಯಿ ಮುಚ್ಚೋಕೆ ಬರ್ತಿತ್ತು," ಎಂದಳು ಪಕ್ಕದವಳು.

"ಸುಮ್ನಿರೇ. ಲ್ಯುಬೆನ್, ಶುಕ್ರವಾರ ಪೇಪರ್‌ನಲ್ಲಿ ನಿನ್ನ ಅಂಕಣದಲ್ಲಿ ಗಿನಾ ಬರ್ತಾಳೆ ತಾನೆ?"

"ಬರದೆ ಏನು? ಸಾಮಾನ್ಯ ಹೆಂಗಸಿಗೆ ಸಾವೆಲ್ಲಿದೆ! ಎಲ್ಲರ ಮನೇಲೂ ಇರೋಳು ಅವಳು."

ರೈನಾ ತಾಯಿಯ ತಲೆವಸ್ತ್ರವನ್ನು ಸರಿಪಡಿಸಿದಳು. ಅದು ಸರಿಯಾಗಿಯೇ ಇತ್ತು.

*

ಏಳು ವರ್ಷದ ಹಿಂದೆ ನೆದ್ಯಾಲ್ಕಾ ಕೆಳಮನೆಯ ಲ್ಯುಬೆನ್ನನ ಹೆಂಡತಿಯ ಜೊತೆ ಕಾಫಿ ಕುಡಿಯುತ್ತ ಒಂದು ಮಾತು ಹೇಳಿದ್ದಳು. ಬಿಟ್ಟುಹೋದ ಗಂಡನ ಕೋಟನ್ನು ಹೊದ್ದು ಮಲಗುತ್ತೇನೆ, ಮಗಳು ಏಳುವ ಮೊದಲು ಮಡಿಸಿಡುತ್ತೇನೆ ಎಂದು. ಲ್ಯುಬೆನ್ ಪಕ್ಕದ ಕೋಣೆಯಲ್ಲಿದ್ದ.

ಆ ಶುಕ್ರವಾರ ಪತ್ರಿಕೆಯ ಅವನ ಹಾಸ್ಯ ಅಂಕಣದಲ್ಲಿ ಗಿನಾ ಚಿಕ್ಕಮ್ಮ ಹುಟ್ಟಿದಳು. ನೆದ್ಯಾಲ್ಕಾಳದೇ ಮೂರನೇ ಮಹಡಿ, ಅವಳದೇ ಉಣ್ಣೆ ಗಿರಣಿ, ಗಂಡನ ಕೋಟಿನ ಜೊತೆ ಜಗಳ. ಊರು ಬಿದ್ದು ಬಿದ್ದು ನಕ್ಕಿತು. "ಕೋಟು ಗೊರಕೆ ಹೊಡೆಯುತ್ತಾ, ಗಿನಾ?" ಎಂದು ಗಿರಣಿಯವರು ನೆದ್ಯಾಲ್ಕಾಳನ್ನು ಪ್ರೀತಿಯಿಂದಲೇ ಕೇಳಿದರು.

ನೆದ್ಯಾಲ್ಕಾ ಕೋಟನ್ನು ಯಾರಿಗೋ ಕೊಟ್ಟಳು. ಮತ್ತೆ ಯಾರ ಮನೆಯಲ್ಲೂ ಕಾಫಿ ಕುಡಿಯಲಿಲ್ಲ. ಗಿನಾ ಮಾತ್ರ ಪ್ರತಿ ಶುಕ್ರವಾರ ಬಾಯಿ ತುಂಬ ಮಾತಾಡಿದಳು.

*

ಮಣ್ಣು ಮುಗಿದ ಮೇಲೆ ರೈನಾ ಸೀದಾ ಮುದ್ರಣದಂಗಡಿಗೆ ಹೋದಳು. ಬಾಗಿಲು, ಗೋಡೆಗಳಿಗೆ ಅಂಟಿಸಲು ಅಮ್ಮನ ಸಾವಿನ ಚೀಟಿಯನ್ನು ಅಚ್ಚು ಹಾಕಿದ್ದೂ ಅಲ್ಲಿಯೇ.

"ಇನ್ನೊಂದು ಚೀಟಿ. ಹೆಸರು, ಗಿನಾ ಚಿಕ್ಕಮ್ಮ."

ಮುದ್ರಕ ಕನ್ನಡಕ ತೆಗೆದ. "ಶುಕ್ರವಾರದ ಗಿನಾನಾ? ಅಯ್ಯೋ! ಫೋಟೋ?"

"ಅವಳಿಗೆ ಮುಖ ಇರಲಿಲ್ಲ."

"ವಯಸ್ಸು?"

"ಏಳು."

ಸಂಜೆಯೊಳಗೆ ಕಪ್ಪಂಚಿನ ಚೀಟಿ ಬಸ್ ನಿಲ್ದಾಣ, ಗಿರಣಿಯ ಗೇಟು, ಪತ್ರಿಕೆಯ ಕಚೇರಿಗಳಲ್ಲಿತ್ತು. ಲ್ಯುಬೆನ್ನನ ಬಾಗಿಲ ಮೇಲೂ ಇತ್ತು. ಆ ಊರಲ್ಲಿ ಯಾರ ಬಾಗಿಲಿಗೆ ಚೀಟಿಯೋ ಅವರದೇ ಸೂತಕ.

ಕರೆಗಂಟೆಗೆ ಅವನು ಚಪ್ಪಲಿ ಮೆಟ್ಟಿ ಬಂದ. ಎದುರಿಗೆ ಸ್ತೋಯ್ನಾ, ಸತ್ತವರ ಹೆಸರಲ್ಲಿ ಹಂಚುವ, ಸಕ್ಕರೆ ಬೆರೆಸಿದ ಬೇಯಿಸಿದ ಗೋಧಿಯ ಬಟ್ಟಲು ಹಿಡಿದು. ಹಿಂದೆ ಮೆಟ್ಟಿಲುಗಳ ತುಂಬ, ಬೀದಿಯವರೆಗೂ ಜನ. ಅಮ್ಮನಿಗಾಗಿ ಬಂದಿದ್ದು ಹನ್ನೊಂದು. ಮೇಲಿನ ಮೆಟ್ಟಿಲಲ್ಲಿ ನಿಂತ ರೈನಾ ಎಣಿಸುವುದನ್ನು ಬಿಟ್ಟಳು.

"ಯಾರೂ ಸತ್ತಿಲ್ರೀ ಇಲ್ಲಿ! ಅವಳು ನಾನು ಬರೆದವಳು!"

"ಗೊತ್ತು ಕಣಪ್ಪ, ಅವಳಿಗೆ ನಿನ್ನ ಬಿಟ್ರೆ ಯಾರಿದ್ರು?" ಸ್ತೋಯ್ನಾ ನಿಜವಾಗಿಯೂ ಅಳುತ್ತಿದ್ದಳು. "ಕೈ ಒಡ್ಡು. ತಿಂದು ಕ್ಷಮೆಯ ಮಾತು ಹೇಳು. ಹೇಳದಿದ್ರೆ ಅವಳು ಹೋಗಲ್ಲ."

ಅವನು ತಲೆಯೆತ್ತಿದ. "ರೈನಾ, ನೀನಾದ್ರೂ ಹೇಳಮ್ಮ ಇವರಿಗೆ."

"ತಿನ್ನಿ, ಮಾಮ."

ಅವನು ಅಗಿದ. "ದೇವರು ಅವಳನ್ನ ಕ್ಷಮಿಸಲಿ," ಎಂದ, ಮೆಲ್ಲಗೆ.

"ಕೇಳಿಸ್ಲಿಲ್ಲ," ಎಂದರು ಕೆಳಗಿನಿಂದ.

ಇನ್ನೊಮ್ಮೆ ಹೇಳಿದ. ಸ್ತೋಯ್ನಾ ಪಕ್ಕಕ್ಕೆ ಸರಿದಳು. ಸಕ್ಕರೆ ಅಂಟಿದ ಅವನ ಅಂಗೈ ಇನ್ನೂ ತೆರೆದೇ ಇತ್ತು, ಸಾಲಿನಲ್ಲಿ ಮುಂದಿನವಳು ತನ್ನ ಬಟ್ಟಲಿನಿಂದ ಚಮಚ ತುಂಬಿಕೊಂಡಳು.