ಹುಲಿಹೈದರದ ದವಡೆ

ಹುಲಿಹೈದರದ ಆಚೆಗಿನ ಹಳ್ಳದಲ್ಲಿ ಸಿಕ್ಕ ದವಡೆಯ ಬಗ್ಗೆ ಬರೆದ ಪ್ರಬಂಧದಲ್ಲಿ ಜಾಗದ ನಕ್ಷೆ ಹಾಕಬೇಕೋ ಬೇಡವೋ ಎಂಬ ವಿಷಯಕ್ಕೆ ಕಲಬುರ್ಗಿಯಲ್ಲಿ ಪಿಎಚ್.ಡಿ. ಮಾಡುತ್ತಿದ್ದ ಶ್ವೇತಾಳಿಗೂ ಅವಳ ಗೈಡ್ ಗೋವಿಂದರಾಜರಿಗೂ ಕೆಲವು ದಿನ ಮಾತೇ ನಿಂತುಹೋಗಿತ್ತು.

ದವಡೆ ಆನೆಯ ಕುಲದ್ದು. ಆದರೆ ಅಂಥ ಆನೆ ಈಗ ಭೂಮಿಯ ಮೇಲೆ ಎಲ್ಲೂ ಇಲ್ಲ. ಹಳ್ಳದ ದಂಡೆಯ ಗರಸು ಮಣ್ಣಿನೊಳಗೆ ಸಾವಿರಾರು ವರ್ಷ ಕೂತು ಕಲ್ಲಾಗಿದ್ದ ಅದು, ಮಳೆನೀರು ದಂಡೆಯನ್ನು ಕೊರೆದಾಗ ಹೊರಗೆ ಇಣುಕಿತ್ತು. ಇಡೀ ರಾಯಚೂರು ಸೀಮೆಯಲ್ಲಿ ಆ ಜಾತಿಯ ಎಲುಬು ಇದುವರೆಗೆ ಯಾರಿಗೂ ಸಿಕ್ಕಿರಲಿಲ್ಲ. ಜಾಗವನ್ನು ಬಿಚ್ಚಿ ಹೇಳುವುದು ಬೇಡ, ತಾಲ್ಲೂಕಿನ ಹೆಸರು ಸಾಕು, ಬೇಕಾದ ವಿದ್ವಾಂಸರು ಬರೆದು ಕೇಳುತ್ತಾರೆ ಎಂಬುದು ಗೋವಿಂದರಾಜರ ವಾದ.

"ಕೇಳಿದವರಿಗೆ ಕೊಡೋದು ಬಿಡೋದು ಆಗ ನಮ್ಮ ಮರ್ಜಿ ಆಗತೈತ್ರಿ ಸರ್," ಎಂದಿದ್ದಳು ಶ್ವೇತಾ. "ಅದಕ್ಕ ನಾ ಒಪ್ಪಂಗಿಲ್ಲ."

ಅವಳ ಹಟಕ್ಕೆ ಕಾರಣವಿತ್ತು. ಅವಳು ಗಿಣಿಗೇರಾದವಳು. ಅಪ್ಪ ಹೊಳಿಯಪ್ಪ ಕಬ್ಬಿಣದ ಕಾರ್ಖಾನೆಯಲ್ಲಿ ಕುಲುಮೆಯ ಮುಂದೆ ನಿಂತು ದುಡಿದವನು. ಎಂ.ಎಸ್ಸಿ. ಓದುವಾಗ ಅವಳು ಯಾವ ಸಂಶೋಧನಾ ಲೇಖನ ತೆರೆದರೂ ಮೊದಲ ಪ್ಯಾರಾ ಕಾಣುತ್ತಿತ್ತು, ಉಳಿದದ್ದಕ್ಕೆ ಬೀಗ. ದುಡ್ಡು ಕಟ್ಟಿದರೆ ಮಾತ್ರ ಮುಂದಿನ ಪುಟ. ಪುಸ್ತಕದ ಅಂಗಡಿಯಾದರೆ ನಿಂತುಕೊಂಡಾದರೂ ಓದಬಹುದಿತ್ತಲ್ಲ ಎಂದು ಅಪ್ಪ ಪೇಚಾಡಿದ್ದ. ತಾನು ಬರೆಯುವುದು ಯಾರು ಬೇಕಾದರೂ ಬಿಟ್ಟಿ ಓದುವಂತಿರಬೇಕು, ಓದಿದವರು ನಡೆದುಹೋಗಿ ಕಣ್ಣಾರೆ ನೋಡಿ ಹೌದೋ ಅಲ್ಲವೋ ಹೇಳುವಂತಿರಬೇಕು ಎಂದು ಅವಳು ಆಗಲೇ ಗಟ್ಟಿ ಮಾಡಿಕೊಂಡಿದ್ದಳು.

ಕೊನೆಗೆ ಗೋವಿಂದರಾಜರೇ ಸೋತರು. ಎಲ್ಲರಿಗೂ ಮುಕ್ತವಾಗಿರುವ ಒಂದು ಪತ್ರಿಕೆಯಲ್ಲಿ ಪ್ರಬಂಧ ಬಂತು. ಹಳ್ಳದ ತಿರುವು, ಬೇವಿನ ಮರ, ದಂಡೆ, ಎಲ್ಲವೂ ನಕ್ಷೆಯಲ್ಲಿದ್ದವು. ಕೊನೆಯಲ್ಲಿ ಕೃತಜ್ಞತೆಯ ನಾಲ್ಕು ಸಾಲು. ಅಲ್ಲಿ ಯಮನೂರನ ಹೆಸರು. ಒಂದು ಪುಟದಲ್ಲಿ ದವಡೆಯ ಪಕ್ಕ ಕುಕ್ಕರಗಾಲಿನಲ್ಲಿ ಕೂತ ಅವನ ಫೋಟೊ ಕೂಡ.

ಯಮನೂರ ಕುರಿ ಕಾಯುವವನು. ಹಳ್ಳದ ದಂಡೆಗೆ ಹತ್ತಿಕೊಂಡೇ ಅವನದೊಂದು ತುಂಡು ಹೊಲವಿತ್ತು. ಸುತ್ತಿಗೆ ಹಿಡಿದು ಒಬ್ಬಳೇ ಹಳ್ಳದಲ್ಲಿ ಓಡಾಡುತ್ತಿದ್ದ ಹುಡುಗಿಯನ್ನು ಕಂಡು, ರಾಕ್ಷಸನ ಎಲುಬು ಅಂತ ಕುರುಬರು ದೂರದಿಂದಲೇ ಕೈಮುಗಿಯುತ್ತಿದ್ದ ಜಾಗಕ್ಕೆ ಕರೆದುಕೊಂಡು ಹೋದವನು ಅವನೇ. ಎರಡು ಬೇಸಿಗೆ ಅವಳ ಜೊತೆ ಮಣ್ಣು ಕೆದರಿದ, ನೀರು ಹೊತ್ತ, ಬಿಸಿಲಿಗೆ ಚಪ್ಪರ ಹಾಕಿಕೊಟ್ಟ. ಅವನ ಹೆಂಡತಿ ಅಮರಮ್ಮ ರೊಟ್ಟಿ, ಪುಂಡಿಪಲ್ಯ ಕಟ್ಟಿಕೊಂಡು ಬರುತ್ತಿದ್ದಳು. ಶ್ವೇತಾಳನ್ನು ಬಾಯಿ ತುಂಬ ತಂಗಿ ಎನ್ನುತ್ತಿದ್ದಳು. ಪ್ರಬಂಧದ ಪ್ರತಿಯನ್ನು ಶ್ವೇತಾ ತಂದುಕೊಟ್ಟಾಗ ಯಮನೂರ ಅದಕ್ಕೆ ಪ್ಲಾಸ್ಟಿಕ್ ಹಾಳೆ ಸುತ್ತಿಸಿ, ದೇವರ ಪಟಗಳ ಸಾಲಿನಲ್ಲಿ ಮೊಳೆ ಹೊಡೆದು ತೂಗುಹಾಕಿದ. ಇಂಗ್ಲಿಷು ಬರುವ ಯಾರು ಮನೆಗೆ ಬಂದರೂ ತನ್ನ ಹೆಸರಿರುವ ಸಾಲನ್ನು ಓದಿಸುತ್ತಿದ್ದ.

ಜೆಸಿಬಿ ಬಂದ ದಿನ ಶ್ವೇತಾ ಧಾರವಾಡದಲ್ಲಿದ್ದಳು. ವಿಜ್ಞಾನ ಎಲ್ಲರಿಗೂ ತೆರೆದಿರಬೇಕು ಎಂಬ ವಿಚಾರ ಸಂಕಿರಣದಲ್ಲಿ ತನ್ನ ದವಡೆಯ ಕಥೆಯನ್ನೇ ಹೇಳುತ್ತಿದ್ದಳು. ಫೋನನ್ನು ಸುಮ್ಮನಾಗಿಸಿ ಚೀಲದಲ್ಲಿಟ್ಟಿದ್ದಳು. ಮಧ್ಯಾಹ್ನ ಊಟದ ಹೊತ್ತಿಗೆ ನೋಡಿದರೆ ಯಮನೂರನ ಕರೆಗಳು ಬಂದುಹೋಗಿದ್ದವು. ಕುರಿ ಈಯಿತು, ಮಳೆ ಬಂತು ಎಂದು ಹೇಳುವುದಕ್ಕೂ ಅವನು ಫೋನ್ ಮಾಡುವವನೇ. ಸಂಜೆ ಮಾಡಿದರಾಯಿತು ಎಂದುಕೊಂಡು ತಟ್ಟೆ ಹಿಡಿದು ಸಾಲಿನಲ್ಲಿ ನಿಂತಳು.

ಬಂದವರ ಕೈಯಲ್ಲಿ ಅವಳ ಪ್ರಬಂಧದ ಪ್ರತಿಯೇ ಇತ್ತು. ಜೀಪಿನ ಮುಂದೆ ಯಾವುದೋ ಇಲಾಖೆಯ ಬೋರ್ಡು. ಯಮನೂರನಿಗೆ ಅವನದೇ ಫೋಟೊ ತೋರಿಸಿ, ಮೇಡಂ ಕಳಿಸಿದ್ದಾರೆ, ಉಳಿದ ಎಲುಬು ತೆಗೆದು ಮ್ಯೂಸಿಯಮ್ಮಿಗೆ ಸಾಗಿಸಬೇಕು ಎಂದರು. ಅವನು ಒಗೆದ ಅಂಗಿ ಹಾಕಿಕೊಂಡು ಅವರ ಮುಂದೆ ಮುಂದೆ ನಡೆದ. ಜೆಸಿಬಿಯ ಹಲ್ಲು ದಂಡೆಗೆ ಬಿದ್ದಾಗ ಮಾತ್ರ ಅನುಮಾನ ಬಂತು. ಶ್ವೇತಾ ಬ್ರಶ್ಶಿನಲ್ಲಿ ಮಣ್ಣು ಸರಿಸುತ್ತಿದ್ದುದನ್ನು ಕಂಡವನು ಅವನು. ಫೋನ್ ಹಚ್ಚಿದ, ಮತ್ತೆ ಹಚ್ಚಿದ. ಅಷ್ಟರಲ್ಲಿ ಗುಂಡಿಯೊಳಗಿಂದ ಅವನನ್ನು ಕರೆದರು. ಇಳಿದು ತೋರಿಸುತ್ತಿದ್ದಾಗಲೇ ಬುಡ ಸಡಿಲಾದ ದಂಡೆ ಅವನ ಮೇಲೆ ಕುಸಿಯಿತು.

ಅವರು ಎಲುಬಿನ ಪೆಟ್ಟಿಗೆಗಳನ್ನು ಜೀಪಿಗೆ ಏರಿಸಿಕೊಂಡು ಹೋದರು. ಸೊಂಟದ ತನಕ ಮಣ್ಣಿನಲ್ಲಿ ಹೂತುಹೋಗಿದ್ದ ಯಮನೂರನನ್ನು ಹಾಗೇ ಬಿಟ್ಟು ಹೋದರು. ಅಮರಮ್ಮ ಮತ್ತು ಪಕ್ಕದ ಹೊಲದವರು ಬಂದು ಕೈಯಲ್ಲೇ ಮಣ್ಣು ತೋಡಿ ಎಳೆದಾಗ ಅವನ ಬಲಗಾಲು ಎರಡು ಕಡೆ ಮುರಿದಿತ್ತು.

ಕೋಟಿ ಬೆಲೆಯ ಎಲುಬು ಕಳುವಾಯಿತೆಂದು ಪೇಪರಿನಲ್ಲಿ ಬಂತು. ಬೆಲೆ ಯಾರು ಕಟ್ಟಿದರೋ ಗೊತ್ತಿಲ್ಲ. ಪೊಲೀಸರಿಗೆ ಒಂದು ಹೆಸರು ಬೇಕಾಯಿತು. ಜೀಪಿನ ನಂಬರು ಯಾರೂ ನೋಡಿರಲಿಲ್ಲ, ಬಂದವರು ಯಾರೆಂದು ಗೊತ್ತಿರಲಿಲ್ಲ. ಗೊತ್ತಿದ್ದ ಹೆಸರು ಒಂದೇ. ಆಸ್ಪತ್ರೆಯ ಮಂಚದ ಮೇಲಿದ್ದಾಗಲೇ ಯಮನೂರನನ್ನು ಕೇಸಿಗೆ ಸೇರಿಸಿ ಬಂಧಿಸಿದರು.

ಶ್ವೇತಾ ಠಾಣೆಗೆ ಓಡಿದಳು. ಪ್ರಬಂಧದ ಪ್ರತಿ ಹಿಡಿದುಕೊಂಡೇ ಹೋದಳು. ಇದು ಇಡೀ ಜಗತ್ತಿಗೆ ತೆರೆದಿರುವ ಬರಹ, ನಕ್ಷೆ ಇದರಲ್ಲೇ ಇದೆ, ಕಳ್ಳರಿಗೆ ಯಮನೂರ ಹೇಳಿಕೊಡುವ ಅಗತ್ಯವೇ ಇರಲಿಲ್ಲ ಎಂದು ಬಿಡಿಸಿ ಬಿಡಿಸಿ ಹೇಳಿದಳು. ಇನ್ಸ್‌ಪೆಕ್ಟರು ತಾಳ್ಮೆಯಿಂದ ಕೇಳಿ, ಹಾಳೆ ತಿರುವಿ, ಕೊನೆಯ ಪುಟದ ಮೇಲೆ ಬೆರಳಿಟ್ಟರು. ಅಲ್ಲೇನು ಬರೆದಿದೆ, ಕನ್ನಡದಲ್ಲಿ ಹೇಳಿ ಎಂದರು. ಅವಳು ಹೇಳಿದಳು. ಈ ಹಳ್ಳದ ಯಾವ ಪದರಿನಲ್ಲಿ ಎಲ್ಲೆಲ್ಲಿ ಎಲುಬುಗಳಿವೆ ಎಂದು ತೋರಿಸಿಕೊಟ್ಟ ಯಮನೂರ ಅವರಿಗೆ ನಾವು ಋಣಿ.

"ಅಂದ್ರ ನಿಮ್ಮ ನಕ್ಷೆದಾಗ ಇರೋದು ಒಂದು ಜಾಗ. ಉಳಿದದ್ದು ಎಲ್ಲೆಲ್ಲಿ ಐತಿ ಅಂತ ಗೊತ್ತಿರೋದು ಅವನಿಗೆ. ನೀವಽ ಬರದೀರಿ ಮೇಡಂ."

ಅವಳು ಹಾಗಲ್ಲ ಎಂದಳು. ಇನ್ಸ್‌ಪೆಕ್ಟರು ಕುರ್ಚಿಗೆ ಒರಗಿಕೊಂಡರು.

"ಹಂಗಂತೀರಿ? ಹಂಗಾದ್ರ ನಕ್ಷೆ ಹಾಕಿದವ್ರ ತಪ್ಪು ಅಂತ ನೀವು ಬರದು ಸಹಿ ಮಾಡ್ರಿ. ಅವ್ರ ಹೆಸರೂ ಸೇರಸ್ತೀನಿ."

ಮಾಡಬಹುದಿತ್ತು. ಪೆನ್ನು ಮೇಜಿನ ಮೇಲೇ ಇತ್ತು. ಪಿಎಚ್.ಡಿ. ಮುಗಿಯಲು ಇನ್ನು ಸ್ವಲ್ಪವೇ ಉಳಿದಿತ್ತು, ಗಿಣಿಗೇರಾದ ಓಣಿಯಲ್ಲಿ ಅಪ್ಪ ಈಗಾಗಲೇ ಅವಳನ್ನು ಡಾಕ್ಟರು ಎಂದು ಕರೆಯಲು ಶುರು ಮಾಡಿದ್ದ. ಗೈಡನ್ನು ಕೇಳಿ ಹೇಳುತ್ತೇನೆ ಎಂದಳು. ಪ್ರಬಂಧದ ಪ್ರತಿಯನ್ನು ಇನ್ಸ್‌ಪೆಕ್ಟರು ಇಟ್ಟುಕೊಂಡರು. ಪ್ರತಿ ಪುಟಕ್ಕೂ, ಇದು ನಾನೇ ಬರೆದದ್ದು ಎಂದು ಅವಳಿಂದ ಸಹಿ ಹಾಕಿಸಿಕೊಂಡರು. ಸುಮ್ಮನಿರು ಎಂದಷ್ಟೇ ಗೋವಿಂದರಾಜರು ಹೇಳಿದರು. ಅವಳು ಆಮೇಲೆ ಠಾಣೆಯ ಕಡೆ ಹೋಗಲಿಲ್ಲ.

ಆ ತಿಂಗಳು ಅವಳ ಪ್ರಬಂಧವನ್ನು ಹಿಂದೆಂದಿಗಿಂತ ಹೆಚ್ಚು ಜನ ಓದಿದರು. ಜೊತೆಗೇ ಪತ್ರಿಕೆಯ ಸಂಪಾದಕರು ಅದರ ನೆತ್ತಿಯ ಮೇಲೆ ಒಂದು ಟಿಪ್ಪಣಿ ಅಂಟಿಸಿದರು: ದವಡೆ ಸಿಕ್ಕ ದಂಡೆ ಈಗ ಉಳಿದಿಲ್ಲ, ಆದ್ದರಿಂದ ಇಲ್ಲಿ ಹೇಳಿರುವ ಕಾಲಮಾನವನ್ನು ಪರೀಕ್ಷಿಸುವ ದಾರಿಯಿಲ್ಲ. ಓದುವವರ ಕಣ್ಣಿಗೆ ಮೊದಲು ಬೀಳುತ್ತಿದ್ದುದು ಈಗ ಅದೇ.

ಯಮನೂರನಿಗೆ ಜಾಮೀನು ಸಿಕ್ಕಿದೆ ಎಂದು ಕೇಳಿ ಶ್ವೇತಾ ಊರಿಗೆ ಹೋದಳು. ಕುರಿದೊಡ್ಡಿ ಬರಿದಾಗಿತ್ತು. ನೋಡಿಕೊಳ್ಳುವವರಿಲ್ಲದೆ ಹಿಂಡನ್ನು ನವಲಿಯ ಕಡೆಯವರಿಗೆ ಕೊಟ್ಟುಬಿಟ್ಟಿದ್ದರು. ಗೋಡೆಯ ಮೇಲೆ ಮೊಳೆ ಇತ್ತು, ಹಾಳೆಗಳಿರಲಿಲ್ಲ. ಯಮನೂರ ಠಾಣೆಗೆ ಸಹಿ ಹಾಕಲು ಹೋಗಿದ್ದ. ಅಮರಮ್ಮ ಕೂರು ಎನ್ನಲಿಲ್ಲ, ನೀರು ಕೊಡಲಿಲ್ಲ. ಒಳಗೆ ಹೋಗಿ ಹಳೇ ಸೀರೆಯ ಚೂರಿನಲ್ಲಿ ಸುತ್ತಿದ ಗಂಟೊಂದನ್ನು ತಂದು, ಅಂಗಳದಲ್ಲಿ ಬಟ್ಟೆ ಒಗೆಯುವ ಕಲ್ಲಿನ ಮೇಲಿಟ್ಟು ಬಿಚ್ಚಿದಳು.

ಹಲ್ಲು. ರೊಟ್ಟಿಯಷ್ಟು ಅಗಲದ ದವಡೆಹಲ್ಲು. ಏಣುಗಳು ಒಂದರ ಬೆನ್ನಿಗೊಂದು, ಬೇರಿನ ಸಮೇತ, ಒಂದಿಷ್ಟೂ ಮುಕ್ಕಾಗದೆ ನಿಂತಿದ್ದವು. ಬೇರಿನ ಸಂದಿಯಲ್ಲಿ ಆ ದಂಡೆಯ ಮಣ್ಣು ಗಟ್ಟಿಯಾಗಿ ಕಚ್ಚಿಕೊಂಡಿತ್ತು. ವಿಭಾಗದಲ್ಲಿ ತೊಳೆದಿಟ್ಟ ದವಡೆಯಲ್ಲಿ ಅದು ಉಳಿದಿರಲಿಲ್ಲ. ಆ ಮಣ್ಣೊಂದು ಸಾಕು, ಕಾಲಮಾನ ತೆಗೆಯಬಹುದು, ಆ ಟಿಪ್ಪಣಿಯನ್ನು ಕಿತ್ತುಹಾಕಿಸಬಹುದು. ಶ್ವೇತಾಳ ಎದೆ ಒಮ್ಮೆಲೇ ಹಗುರಾಯಿತು.

"ಆ ಜೀಪಿನವ್ರು ಬರೋಕಿಂತ ಮೊದಲ, ದೊಡ್ಡ ಮಳಿ ಆದಾಗ ದಂಡಿಯಿಂದ ಬಿದ್ದಿತ್ತಂತ. ನಿಮಗ ಅಂತ ಅಂವ ತೆಗೆದಿಟ್ಟಿದ್ದ ಮೇಡಮ್ಮಾರ," ಎಂದಳು ಅಮರಮ್ಮ. ತಂಗಿ ಎಂಬ ಮಾತು ಅವಳ ಬಾಯಲ್ಲಿ ಬರಲಿಲ್ಲ. "ಪೊಲೀಸ್ರು ಮನಿ ಜಾಲಾಡಿದಾಗ ಹಿಟ್ಟಿನ ಡಬ್ಬ್ಯಾಗ ಹುಗದಿದ್ದೆ. ಇದು ಸಿಕ್ಕಿದ್ರ ಅಂವ ಹೊರಗ ಬರತಿದ್ದಿಲ್ಲ."

ಅವಳು ಪಕ್ಕದಲ್ಲಿದ್ದ ಗುಂಡುಕಲ್ಲನ್ನು ಎರಡೂ ಕೈಯಲ್ಲಿ ಎತ್ತಿದಳು. ಏನಾಗಲಿದೆ ಎಂದು ಶ್ವೇತಾಳಿಗೆ ಅರ್ಥವಾಯಿತು. ಬೇಡ ಎನ್ನಲು ಬಾಯಿ ತೆರೆದಳು. ಬಂದ ಮಾತು ಬೇರೆ.

"ಒಂದ್ ಫೋಟೊ ತಕ್ಕೋತೀನಿ ಅಮರಕ್ಕ."

ಅಮರಮ್ಮನ ಕೈ ಅಲ್ಲೇ ನಿಂತಿತು. ಅವಳು ಶ್ವೇತಾಳ ಮುಖವನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಗುಂಡುಕಲ್ಲನ್ನು ಮೆಲ್ಲಗೆ ನೆಲಕ್ಕಿಳಿಸಿ, ತನ್ನ ನೆರಳು ಬೀಳದ ಹಾಗೆ ಪಕ್ಕಕ್ಕೆ ಸರಿದಳು.

"ತಕ್ಕೋರಿ."

ಶ್ವೇತಾ ಮೇಲಿನಿಂದ ತೆಗೆದಳು, ಮಗ್ಗುಲಿನಿಂದ ತೆಗೆದಳು. ಅಳತೆ ತಿಳಿಯಲೆಂದು ಚೀಲದಿಂದ ಪೆನ್ನು ತೆಗೆದು ಹಲ್ಲಿನ ಪಕ್ಕಕ್ಕಿಟ್ಟಳು. ಇಟ್ಟ ಮೇಲೆ, ತನ್ನ ಕೈ ಏನು ಮಾಡುತ್ತಿದೆ ಎಂದು ಅವಳಿಗೇ ನಾಚಿಕೆಯಾಯಿತು. ಆದರೂ ಹಲ್ಲನ್ನು ಹೊರಳಿಸಿ ಬೇರಿನ ಕಡೆಯದನ್ನೂ ತೆಗೆದಳು. ಮುಗೀತಾ ಎಂದು ಅಮರಮ್ಮ ಕೇಳಿದಳು. ಪೆನ್ನನ್ನು ತಾನೇ ಎತ್ತಿ ಅವಳ ಕೈಗಿಟ್ಟಳು. ಆಮೇಲೆ ಗುಂಡುಕಲ್ಲನ್ನು ಎತ್ತಿ ಹಾಕಿದಳು. ಮೊದಲ ಏಟಿಗೆ ಹಲ್ಲು ಏಣು ಏಣಾಗಿ ಬಿಚ್ಚಿಕೊಂಡಿತು. ಮೆಣಸಿನಕಾಯಿ ಕುಟ್ಟುವ ಹಾಗೆ, ಅವಸರವಿಲ್ಲದೆ, ಸಿಡಿದ ಚೂರನ್ನು ಕಾಲಿನಿಂದ ಒಳಕ್ಕೆ ತಳ್ಳಿಕೊಳ್ಳುತ್ತ ಕುಟ್ಟಿದಳು. ಸೆರಗಿನಿಂದ ಮುಖ ಒರೆಸಿಕೊಂಡು, ಎಲ್ಲವನ್ನೂ ಮೊರಕ್ಕೆ ಬಳಿದು, ಮನೆಯ ಹಿಂದಿನ ತಿಪ್ಪೆಗೆ ಸುರಿದು ಬಂದಳು.

ಶ್ವೇತಾ ಬಸ್‌ಸ್ಟಾಪಿನ ಕಟ್ಟೆಯ ಮೇಲೆ ಕೂತು ಅತ್ತಳು. ಅತ್ತಾದ ಮೇಲೆ ಫೋಟೊಗಳನ್ನು ಗೋವಿಂದರಾಜರಿಗೆ ಕಳಿಸಿದಳು. ಅವರು ಕೂಡಲೇ ಫೋನ್ ಮಾಡಿದರು. ಹಲ್ಲಿಲ್ಲದೆ ಬರಿಯ ಫೋಟೊ ಯಾವ ಕೆಲಸಕ್ಕೂ ಬರುವುದಿಲ್ಲ, ಚೂರಾದರೂ ಚಿಂತೆಯಿಲ್ಲ, ಬೇರಿಗೆ ಅಂಟಿದ ಮಣ್ಣಿರುವ ಒಂದೆರಡು ತುಣುಕು ಸಿಕ್ಕರೂ ಕಾಲಮಾನ ಬರುತ್ತದೆ ಎಂದರು. ಕಲಬುರ್ಗಿ ಕಡೆಯ ಬಸ್ಸು ಬಂದು ನಿಂತಿತು. ಅವಳು ಹತ್ತಲಿಲ್ಲ.

ತಿಪ್ಪೆಯ ಮುಂದೆ ಅವಳು ಕುಕ್ಕರಗಾಲಿನಲ್ಲಿ ಕೂತಾಗ ಅಮರಮ್ಮ ಹಿತ್ತಲ ಬಾಗಿಲಲ್ಲಿ ಬಂದು ನಿಂತಳು. ಬೈಯಲಿಲ್ಲ, ತಡೆಯಲೂ ಇಲ್ಲ. ಶ್ವೇತಾ ತಲೆ ಎತ್ತದೆ ಸಗಣಿ, ಬೂದಿ, ಈರುಳ್ಳಿ ಸಿಪ್ಪೆಯ ನಡುವಿನಿಂದ ಕಂದು ಚೂರುಗಳನ್ನು ಹೆಕ್ಕಿ ತನ್ನ ದುಪಟ್ಟಾದ ಸೆರಗಿಗೆ ಹಾಕಿಕೊಳ್ಳತೊಡಗಿದಳು.

ಸ್ವಲ್ಪ ಹೊತ್ತಿಗೆ ಊರುಗೋಲಿನ ಸದ್ದಾಯಿತು. ಯಮನೂರ ಠಾಣೆಯಿಂದ ಬಂದಿದ್ದ. ತಿಪ್ಪೆಯನ್ನೂ ಅವಳನ್ನೂ ಬಾಗಿಲಲ್ಲಿದ್ದ ಹೆಂಡತಿಯನ್ನೂ ನೋಡಿದ. ಊರುಗೋಲನ್ನು ಕೆಳಗಿಟ್ಟು, ಮುರಿದ ಕಾಲನ್ನು ಉದ್ದಕ್ಕೆ ಚಾಚಿ, ನೋವಿಗೆ ಹಲ್ಲು ಕಚ್ಚಿಕೊಂಡು ಅವಳ ಪಕ್ಕ ಕೂತ. ಬೂದಿಯೊಳಗೆ ಕೈಯಾಡಿಸಿ ಒಂದು ಚೂರನ್ನು ಎತ್ತಿ, ಅಂಗಿಗೆ ಒರೆಸಿ, ಅವಳ ಸೆರಗಿಗೆ ಹಾಕಿದ. ಅಮರಮ್ಮ ಗಂಡನ ಆ ಕೈಯನ್ನು ನೋಡಿ ಒಳಗೆ ಹೋದಳು. ಅಗಳಿ ಬಿದ್ದ ಸದ್ದು ಕೇಳಿತು.

ಇಬ್ಬರೂ ಹೆಕ್ಕಿದರು. ಬಿಸಿಲು ಇಳಿಯುವ ಹೊತ್ತಿಗೆ ಯಮನೂರ ಮೆಲ್ಲಗೆ ಕೇಳಿದ.

"ಅಕ್ಕಾರ, ಇದನ್ನ ಬರಿಯಾಗ ನನ್ನ ಹೆಸರು ಹಾಕ್ತೀರೇನ್ರಿ?"

ಹಾಕಲಿ ಎಂದು ಕೇಳಿದನೋ, ಹಾಕದಿರಲಿ ಎಂದು ಕೇಳಿದನೋ, ಶ್ವೇತಾಳಿಗೆ ಅವನ ದನಿಯಲ್ಲಿ ತಿಳಿಯಲಿಲ್ಲ. ಮುಖ ನೋಡುವ ಧೈರ್ಯವಾಗಲಿಲ್ಲ.

"ಇಲ್ಲಣ್ಣ," ಎಂದಳು.

ಅವನು ಹೂಂ ಎಂದ. ಕೈಯಲ್ಲಿದ್ದ ಚೂರನ್ನು ಒರೆಸುವುದನ್ನು ಮುಂದುವರಿಸಿದ.